ಅರಳು ಮರಳಲ್ಲ, ಅದು ಕಾಯಿಲೆ

ಸಂಜೆ ದೀಪ ಹಚ್ಚುವ ಹೊತ್ತು. ಕಟ್ಟೆಯ ಮೇಲೆ ಕುಳಿತಿದ್ದ ಮುತ್ಯಾ ಎದ್ದು ರುಮಾಲು ಸುತ್ತಿಕೊಳ್ಳುತ್ತಾನೆ. 'ನಾ ಮನಿಗಿ ಹೋಗ್ತೀನಿ' ಎನ್ನುತ್ತಾನೆ. 'ಮಾಮಾ, ಇದೇ ನಿಮ್ಮ ಮನಿ ಅದರೀ' ಎಂದು ಸೊಸೆ ಹತ್ತು ಸಲ ಹೇಳಿದರೂ ಕೇಳುವುದಿಲ್ಲ. ಉಂಡು ಗಳಿಗೆಯೂ ಆಗಿರುವುದಿಲ್ಲ, ಮುಂಜಾನೆಯಿಂದ ಯಾರೂ ಊಟ ಕೊಟ್ಟಿಲ್ಲವೆಂದು ಓಣಿಗೆಲ್ಲ ಕೇಳುವಂತೆ ದೂರುತ್ತಾನೆ. ಓಣಿಯ ಜನ ಸೊಸೆಯ ಮುಖ ನೋಡುತ್ತಾರೆ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಿಗೆ ಇದು ಹೊಸ ದೃಶ್ಯವಲ್ಲ. 'ಅರವತ್ತಕ್ಕೆ ಅರಳು ಮರಳು' ಎಂದು ಸುಮ್ಮನಾಗುವವರು ಹಲವರು. ಗಾಳಿ ಸೋಕಿದೆಯೆಂದು ಭೀಮಾ–ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಕರೆದೊಯ್ಯುವವರೂ ಉಂಟು. ಹರಕೆ ಹೊತ್ತರೆ ತಪ್ಪಿಲ್ಲ. ವೈದ್ಯರಲ್ಲಿಗೆ ಹೋಗುವುದು ಮಾತ್ರ ತಡವಾಗಬಾರದು. ಇದು ಮಿದುಳಿನ ಕಾಯಿಲೆ, ಹೆಸರು ಡಿಮೆನ್ಷಿಯಾ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಹೆಚ್ಚು.

ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ ಎಂಬುದು ನಿಜ. ಹಾಗೆಂದು ಪರೀಕ್ಷೆ ಬೇಡವೆನ್ನಲಾಗದು. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಉಂಟು. ಒಂದೆರಡು ದಿನಗಳಲ್ಲೇ ದಿಢೀರನೆ ಗೊಂದಲ ಹುಟ್ಟಿದರೆ ಜ್ವರ, ಮೂತ್ರದ ಸೋಂಕು ಅಥವಾ ನಿರ್ಜಲೀಕರಣ ಕಾರಣವಿರಬಹುದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕಲಬುರಗಿಯ ಬಿಸಿಲಿನಲ್ಲಿ ನೀರು ಕುಡಿಯಲು ಮರೆಯುವ ಹಿರಿಯರಿಗೆ ಗಳಿಗೆಗೊಮ್ಮೆ ನೀರು, ಮಜ್ಜಿಗೆ ಕೈಗಿಡುವುದೂ ಆರೈಕೆಯೇ.

ವಾದ ಬೇಡ

ರೋಗಿಯೊಡನೆ ವಾದಿಸಿ ಗೆಲ್ಲಲಾಗದು. 'ಮನಿಗಿ ಹೋಗ್ತೀನಿ' ಎಂದರೆ 'ಹೋಗೋಣ ಬರ್ರಿ' ಎಂದು ನಾಲ್ಕು ಹೆಜ್ಜೆ ಜೊತೆಗೆ ನಡೆದು, ಬೇರೆ ಮಾತು ತೆಗೆದು ಮರಳಿ ಕರೆತರುವುದು ಸುಲಭ. ಅಂಗಿಯ ಜೇಬಿನಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇಟ್ಟು ಹೊಲಿಯಬೇಕು. ಅಕ್ಕಪಕ್ಕದವರಿಗೂ ಬಸ್ ನಿಲ್ದಾಣದ ಚಹಾದಂಗಡಿಗೂ ವಿಷಯ ತಿಳಿಸಿರಬೇಕು. ತೊಗರಿಗೆ ಹೊಡೆಯುವ ಕೀಟನಾಶಕ ಬೀಗದೊಳಗಿರಲಿ. ಜೋಳದ ರೊಟ್ಟಿ ಅಗಿಯಲಾಗದಿದ್ದರೆ ಸಾರಿನಲ್ಲಿ ನೆನೆಸಿ ಕೊಡಬಹುದು. ನುಂಗುವಾಗ ಕೆಮ್ಮು ಬಂದರೆ ವೈದ್ಯರನ್ನು ಕೇಳಬೇಕು. ಹೊಲದ ಕಾಗದಪತ್ರಗಳ ಮಾತನ್ನು ರೋಗದ ಆರಂಭದಲ್ಲೇ, ಅವರಿಗೆ ತಿಳಿವಳಿಕೆ ಇರುವಾಗಲೇ ಮುಗಿಸುವುದು ಒಳಿತು.

ಯಾರನ್ನು ಕೇಳುವುದು?

ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಎಲ್ಲರೂ ಹೋಗಬೇಕಾಗಿಲ್ಲ. 2014ರಲ್ಲಿ ಆರಂಭವಾದ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಯಿತು. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ ಹೋದರೆ ಬಸ್ ಖರ್ಚು ದಂಡವಾಗದು. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ಈ ಕರೆ ರೋಗಿಗಾಗಿ ಮಾತ್ರವಲ್ಲ. ಗಂಡ ಪುಣೆಗೋ ಮುಂಬಯಿಗೋ ದುಡಿಯಲು ಹೋಗಿದ್ದರೆ ರಾತ್ರಿಯೆಲ್ಲ ಎಚ್ಚರವಿದ್ದು ಮುಂಜಾನೆ ಕೂಲಿಗೆ ಹೋಗುವವಳು ಸೊಸೆಯೇ. ನಿದ್ದೆ ಇಲ್ಲದೆ, ಸಿಟ್ಟು ಬಂದು, ಆಮೇಲೆ ಅದಕ್ಕಾಗಿ ಅಳುವವಳು ಕೆಟ್ಟವಳಲ್ಲ, ದಣಿದವಳು. ವಾರದಲ್ಲಿ ಒಂದು ದಿನ ಮಗಳೋ ಮೈದುನನೋ ಮುತ್ಯಾನ ಬಳಿ ಕುಳಿತರೆ ಆಕೆಗೆ ಉಸಿರಾಡಲು ಬಿಡುವಾದೀತು. ಮುತ್ಯಾನ ಆರೈಕೆಯೂ ಅಲ್ಲಿಂದಲೇ ಸುಧಾರಿಸುತ್ತದೆ.