ನಿಮಗಿದು ಗೊತ್ತೆ? ವಾಲ್ವ್ ಆಂಪ್ಲಿಫೈಯರಿಗೆ ಎಂತಹ ಟ್ರಾನ್ಸ್‌ಫಾರ್ಮರ್?

1950ರಲ್ಲಿ ಪ್ರಾರಂಭವಾದ ಧಾರವಾಡ ಆಕಾಶವಾಣಿಯ ಧ್ವನಿಯನ್ನು ಮನೆಮನೆಗೆ ತಲುಪಿಸಿದ ವಾಲ್ವ್ ರೇಡಿಯೋಗಳಲ್ಲೊಂದು ಕಟಕೋಳದಂತಹ ಊರಿನ ಯಾವುದಾದರೂ ಅಟ್ಟದ ಮೇಲೆ ಇನ್ನೂ ಉಳಿದಿದ್ದರೆ, ಅದರ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಸ್ವಹಸ್ತದಿಂದ ಸ್ಟೀರಿಯೋ ಆಂಪ್ಲಿಫೈಯರ್ ನಿರ್ಮಿಸಬೇಕೆಂಬ ಅಭಿಲಾಷೆ ಸಹಜವಾದುದೇ ಸರಿ. ಆದರೆ ಒಂದೇ ಸ್ಪೀಕರಿನ ರೇಡಿಯೋಗಾಗಿ ಸುತ್ತಿದ ಸುರುಳಿಯು ಸ್ಟೀರಿಯೋದ ಎರಡು ಚಾನಲ್ಲುಗಳ ದ್ವಿಗುಣ ಭಾರವನ್ನು ಸಾಮಾನ್ಯವಾಗಿ ತಾಳಲಾರದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ತಯಾರಿಸುತ್ತಿದ್ದ ಇಎಲ್84 ವಾಲ್ವಿನ ಹೀಟರು 6.3 ವೋಲ್ಟಿನಲ್ಲಿ 0.76 ಆಂಪಿಯರನ್ನು ಬೇಡುವುದರಿಂದ, ಅಂತಹವೆರಡೂ 0.3 ಆಂಪಿಯರಿನ ಇಸಿಸಿ83 ವಾಲ್ವ್ ಒಂದೂ ಸೇರಿ 1.82 ಆಂಪಿಯರಾಗುವುದು, ಅದಕ್ಕೆ 3 ಆಂಪಿಯರಿನ ಸುರುಳಿಯನ್ನು ಆರಿಸುವುದೇ ವಿವೇಕ.

ಇನ್ನು ಅಧಿಕ ವೋಲ್ಟೇಜಿನ ಸುರುಳಿಯಿಂದ ಬರುವ 250 ವೋಲ್ಟಿನ ಎಸಿ ವಿದ್ಯುತ್ತು ಡಯೋಡುಗಳನ್ನು ದಾಟಿ ಕೆಪಾಸಿಟರನ್ನು ಸೇರಿದೊಡನೆ, ಭಾರವಿಲ್ಲದ ಸ್ಥಿತಿಯಲ್ಲಿ, ಸುಮಾರು 350 ವೋಲ್ಟಿಗೆ ಏರುವುದೆಂಬುದನ್ನು ಲೆಕ್ಕದಲ್ಲಿ ಹಿಡಿದೇ ಕೆಪಾಸಿಟರನ್ನು ಕೊಳ್ಳತಕ್ಕದ್ದು. ಅಮೆರಿಕದ 60 ಹರ್ಟ್ಸಿಗೆಂದೇ ರಚಿತವಾದ ಟ್ರಾನ್ಸ್‌ಫಾರ್ಮರು, ವೋಲ್ಟೇಜು ಸರಿಹೊಂದಿದರೂ, ನಮ್ಮ 50 ಹರ್ಟ್ಸಿನಲ್ಲಿ ಅದರ ಕಬ್ಬಿಣದ ಒಡಲು ಕಾಂತಕ್ಷೇತ್ರದಿಂದ ಮಿತಿಮೀರಿ ತುಂಬಿ ಅತಿಯಾಗಿ ಕಾಯಬಹುದು.

ಪ್ಲಗ್ ಕಿತ್ತ ಬಳಿಕವೂ ಕೆಪಾಸಿಟರಿನಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರುವುದು. ರೆಸಿಸ್ಟರಿನ ಮೂಲಕ ಅದನ್ನು ಬರಿದು ಮಾಡಿ, ಮೀಟರಿನಿಂದ ಪರೀಕ್ಷಿಸದೆ ಒಳಗೆ ಕೈಯಿಕ್ಕದಿರಿ.