ಹೋಗುವಾಗ ಎಕ್ಸ್‌ರೇ, ಗಲ್ಫ್‌ನಿಂದ ಮರಳಿ ಬಂದ ಮೇಲೆ?

ಸೀತಾಂಗೋಳಿಯಿಂದ ಗಲ್ಫ್‌ಗೆ ಹೊರಟವರಿಗೆಲ್ಲ ‘ಮೆಡಿಕಲ್’ ಗೊತ್ತು. ಎದೆಯ ಎಕ್ಸ್‌ರೇಯಲ್ಲಿ ಹಳೇ ಟಿಬಿಯ ಕಲೆ ಕಂಡರೂ ಸಾಕು, ‘ಅನ್‌ಫಿಟ್’ ಆಗಬಹುದು. ಇಪ್ಪತ್ತು ವರ್ಷ ದುಡಿದು ಊರಿಗೆ ಬಂದವರ ಎದೆ ಹೇಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ಎದ್ದದ್ದು ಇರಾಕ್, ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರಿಂದ. ಅಲ್ಲಿನ ಶಿಬಿರಗಳಲ್ಲಿ ಪ್ಲಾಸ್ಟಿಕ್‌ನಿಂದ ಹಿಡಿದು ಆಸ್ಪತ್ರೆ ಕಸದವರೆಗೆ ಎಲ್ಲವನ್ನೂ ತೆರೆದ ಗುಂಡಿಯಲ್ಲಿ ಸುಡುತ್ತಿದ್ದರು. ಇರಾಕಿನಲ್ಲಿ 2003ರಲ್ಲಿ ಗಂಧಕದ ಘಟಕವೊಂದಕ್ಕೂ ಬೆಂಕಿ ಬಿದ್ದಿತ್ತು. ಗಟ್ಟಿಮುಟ್ಟಾಗಿ ಹೋದವರು ಬಂದ ಮೇಲೆ ಸ್ವಲ್ಪ ಓಡಿದರೂ ಏದುಸಿರು ಬಿಡತೊಡಗಿದರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶ್ವಾಸಕೋಶದ ತುಣುಕು ತೆಗೆದು ಪರೀಕ್ಷಿಸಿದ 49 ಸೈನಿಕರ ಪೈಕಿ 38 ಮಂದಿಯ ಸಣ್ಣ ಉಸಿರುನಾಳಗಳು ಗಾಯಗೊಂಡು ಕಿರಿದಾಗಿದ್ದವು. ಎಕ್ಸ್‌ರೇಯಲ್ಲಿ ಮಾತ್ರ ಎಲ್ಲವೂ ನಾರ್ಮಲ್! 2022ರ ಆಗಸ್ಟ್‌ನಲ್ಲಿ ಬಂದ ‘ಪ್ಯಾಕ್ಟ್’ ಕಾಯ್ದೆಯಂತೆ, ಅಲ್ಲಿನ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯಲ್ಲಿ ಹೆಸರಿರುವವರನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಕೇಳಲೇಬೇಕು: ಎಲ್ಲಿದ್ದಿರಿ, ಯಾವ ಹೊಗೆ, ಯಾವ ಧೂಳು ಕುಡಿದಿರಿ? ತಪಾಸಣೆ ಶುರುವಾಗುವುದು ಯಂತ್ರದಿಂದಲ್ಲ, ಈ ಪ್ರಶ್ನೆಯಿಂದ.

ಗಲ್ಫ್ ಕಾರ್ಮಿಕರ ಕತೆ ಸೈನಿಕರದ್ದೇ ಅಲ್ಲ ನಿಜ. ಅಂಗಡಿಯಲ್ಲಿ ಕೂತು ಬಂದವರು ಸಿಟಿ ಸ್ಕ್ಯಾನ್‌ಗೆ ಓಡಬೇಕಿಲ್ಲ. ಆದರೆ ಕಲ್ಲು, ಕಾಂಕ್ರೀಟ್, ಟೈಲ್ಸ್ ಕೊರೆದವರ ವಿಷಯ ಬೇರೆ. ಅದರ ಧೂಳಿನಲ್ಲಿರುವ ಸಿಲಿಕಾ ಕಣ್ಣಿಗೆ ಕಾಣದಷ್ಟು ಸಣ್ಣದು. ಶ್ವಾಸಕೋಶದ ಆಳಕ್ಕಿಳಿದು ಕಲೆಗಟ್ಟಿಸುತ್ತದೆ. ಇದೇ ಸಿಲಿಕೋಸಿಸ್. ಹೆಚ್ಚಾಗಿ ಹತ್ತು ವರ್ಷ ದಾಟಿದ ಮೇಲೆ ತಲೆ ಎತ್ತುತ್ತದೆ, ಕೆಲಸ ಬಿಟ್ಟರೂ ಬೆಳೆಯಬಹುದು, ಟಿಬಿಯ ಅಪಾಯವನ್ನೂ ಹೆಚ್ಚಿಸುತ್ತದೆ. ಆದ ಕಲೆ ಅಳಿಸುವ ಮದ್ದಿಲ್ಲ. ಅಡುಗೆಮನೆಗೆ ಹಾಕುವ ಕೃತಕ ಕಲ್ಲಿನ ಸ್ಲ್ಯಾಬ್ ಕೊರೆದು ಯುವಕರೇ ಕಾಯಿಲೆ ಬಿದ್ದದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು.

ಊರಲ್ಲಿ ಆಗುವುದೇನು? ಕೆಮ್ಮು ಬಂದರೆ ‘ದಮ್ಮು’ ಅಂತಾರೆ, ಸಿಗರೇಟಿಗೆ ಬೈತಾರೆ, ಇನ್‌ಹೇಲರ್ ಹಿಡಿದು ಮನೆಗೆ. ಮಾಡಿದ ಕೆಲಸದ ಮಾತೇ ಬರುವುದಿಲ್ಲ. ಆದ್ದರಿಂದ ಡಾಕ್ಟರು ಕೇಳದಿದ್ದರೂ ಹೇಳಬೇಕು: ಯಾವ ಕೆಲಸ, ಎಷ್ಟು ವರ್ಷ, ನೀರು ಹಾಕಿ ಕೊರೆದದ್ದೋ ಒಣದ್ದೋ. ಕೊಳವೆಗೆ ಜೋರಾಗಿ ಊದಿಸಿ ಮಾಡುವ ಸ್ಪೈರೋಮೆಟ್ರಿ ಕೆಲವೇ ನಿಮಿಷದ್ದು. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳ ‘ಶ್ವಾಸ್’ ಕ್ಲಿನಿಕ್‌ಗಳು ಇರುವುದೇ ಉಸಿರಾಟದ ತೊಂದರೆಗೆ. ಹತ್ತಿರದ ಕೇಂದ್ರದಲ್ಲಿ ವಿಚಾರಿಸಿ. ರಿಪೋರ್ಟ್ ನಾರ್ಮಲ್ ಬಂದೂ ಏದುಸಿರು ನಿಲ್ಲದಿದ್ದರೆ ಶ್ವಾಸಕೋಶ ತಜ್ಞರನ್ನು ಕಾಣಲೇಬೇಕು. ಬಡ ಕುಟುಂಬದ ಮರಳಿದ ಪ್ರವಾಸಿಗಳ ಚಿಕಿತ್ಸೆಗೆ ನೋರ್ಕಾದ ‘ಸಾಂತ್ವನ’ ಯೋಜನೆಯಲ್ಲಿ ಸಹಾಯಧನವಿದೆ.

ಈಗ ಹೊರಡುವ ಹುಡುಗರಿಗೆ ಒಂದು ಮಾತು: ಮುಖಕ್ಕೆ ಸುತ್ತಿದ ಟವೆಲ್ ಸಿಲಿಕಾವನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ಕೇಳಿ ಪಡೆಯಿರಿ, ಹೋಗುವ ಮುಂಚಿನ ಎಕ್ಸ್‌ರೇಯ ಪ್ರತಿ ಮನೆಯಲ್ಲಿಡಿ. ಮುಂದೆ ಹೋಲಿಸಿ ನೋಡಲು ಡಾಕ್ಟರಿಗೆ ಅದು ಬೇಕಾಗುತ್ತದೆ.