ಬಿಡುಗಡೆಯಾದ ಮಗು ಮರುದಿನ ಎಲ್ಲಿಗೆ ಹೋಗಬೇಕು?

ಹೊಟೇಲು, ಇಟ್ಟಿಗೆ ಗೂಡುಗಳ ಮೇಲೆ ದಾಳಿ ನಡೆಸಿ ಅಧಿಕಾರಿಗಳು ಮಕ್ಕಳನ್ನು ಬಿಡಿಸಿದ ಸುದ್ದಿಯನ್ನು ಆಗಾಗ ಓದುತ್ತೇವೆ. ಮರುದಿನ ಆ ಮಕ್ಕಳು ಎಲ್ಲಿದ್ದಾರೆ ಎಂದು ಕೇಳುವವರು ಕಡಿಮೆ.

ಬಿಡಿಸಿದ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೆತ್ತವರು ಮುಂಗಡ ಹಣ ಪಡೆದು, ಅದನ್ನು ತೀರಿಸಲು ಮಗುವನ್ನು ದುಡಿಯಲು ಬಿಟ್ಟಿದ್ದರೆ ಅದು ಜೀತ. 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಂಥ ಸಾಲವೇ ರದ್ದು. ಧಣಿ ಒಂದು ಪೈಸೆಯನ್ನೂ ಕೇಳುವಂತಿಲ್ಲ. ಮಗು ಜೀತಮುಕ್ತವೆಂದು ಸರಕಾರ ಬರೆದುಕೊಡುವ ಕಾಗದವೇ ಬಿಡುಗಡೆ ಪತ್ರ. ಈ ಪತ್ರವಿಲ್ಲದೆ ಮಗುವನ್ನು ಬಸ್ಸು ಹತ್ತಿಸಿ ಊರಿಗೆ ಕಳುಹಿಸಿದರೆ, ಹಳೆಯ ಸಾಲದ ಲೆಕ್ಕ ಹಿಡಿದು ದಲ್ಲಾಳಿ ಮತ್ತೆ ಮನೆ ಬಾಗಿಲಿಗೆ ಬರುತ್ತಾನೆ.

ಇನ್ನು ಶಾಲೆ. ಅಕ್ಷರ ತಿಳಿಯದ ಹನ್ನೆರಡು ವರ್ಷದ ಹುಡುಗನನ್ನು ಒಂದನೇ ತರಗತಿಯ ಪುಟಾಣಿಗಳ ನಡುವೆ ಕೂರಿಸಿದರೆ ಆತ ನಾಚಿಕೆಯಿಂದಲೇ ಓಡಿಹೋಗುತ್ತಾನೆ. ಈ ತೊಡಕಿಗೆ ದಾರಿ ತೋರಿಸಿದ್ದು ಶಾಂತಾ ಸಿನ್ಹಾ ಅವರ ಎಂ. ವೆಂಕಟರಂಗಯ್ಯ ಫೌಂಡೇಶನ್. ಇಂದು ತೆಲಂಗಾಣದಲ್ಲಿರುವ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ 1991ರಲ್ಲಿ ಈ ಸಂಸ್ಥೆ ಕೆಲಸ ಆರಂಭಿಸಿತು. ದುಡಿಮೆಯಿಂದ ಬಿಡಿಸಿದ ಮಕ್ಕಳನ್ನು ಮೊದಲು ಶಿಬಿರಗಳಲ್ಲಿ ಇರಿಸಿಕೊಂಡು ಹಾಡು, ಆಟ, ಕಥೆಗಳ ಜೊತೆಗೆ ಓದುಬರಹ ಕಲಿಸಿದರು. ತಿಂಗಳುಗಳ ತಯಾರಿಯ ನಂತರ, ವಯಸ್ಸಿಗೆ ತಕ್ಕ ತರಗತಿಗೇ ನೇರವಾಗಿ ಸೇರಿಸಿದರು. ದನ ಕಾಯುತ್ತಿದ್ದ ಹುಡುಗ ತನ್ನ ಓರಗೆಯವರ ಜೊತೆಗೇ ಬೆಂಚಿನಲ್ಲಿ ಕೂತ. ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿಯೂ ವಯಸ್ಸಿಗೆ ತಕ್ಕ ತರಗತಿ, ಅದಕ್ಕೆ ಬೇಕಾದ ವಿಶೇಷ ತರಬೇತಿ ಎರಡೂ ಮಗುವಿನ ಹಕ್ಕಾದವು.

"ಬಡವರಿಗೆ ಮಕ್ಕಳ ದುಡಿಮೆ ಬೇಕೇ ಬೇಕು" ಎನ್ನುವವರು ನಮ್ಮಲ್ಲೂ ಇದ್ದಾರೆ. ಬಡ ತಂದೆತಾಯಿಗೂ ಮಗು ಓದಬೇಕೆಂಬ ಆಸೆ ಇದ್ದೇ ಇದೆ ಎಂಬುದು ಈ ಸಂಸ್ಥೆಯ ಅನುಭವ. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂಬುದು ಅವರ ನಿಲುವು. ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದ ಹುಡುಗಿಯೂ ಈ ಲೆಕ್ಕಕ್ಕೆ ಸೇರುತ್ತಾಳೆ. ಒಪ್ಪಿಕೊಳ್ಳಲು ನಮಗೆ ಕಷ್ಟವಾಗುವುದು ಇದೇ. 2016ರ ತಿದ್ದುಪಡಿಯಂತೆ ಹದಿನಾಲ್ಕರ ಒಳಗಿನವರನ್ನು ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ. ಆದರೆ ಶಾಲೆ ಬಿಟ್ಟ ಮೇಲೆ ಮನೆಯವರ ಉದ್ಯೋಗದಲ್ಲಿ ನೆರವಾಗಲು ವಿನಾಯಿತಿ ಇದೆ. ಬೀಡಿ ಕಟ್ಟುವಂಥ ಅಪಾಯದ ಕೆಲಸಕ್ಕೆ ಅದೂ ಇಲ್ಲ. ಆದರೂ ಮನೆಯೊಳಗಿನ ದುಡಿಮೆಯನ್ನು ಅಳೆಯುವವರು ಯಾರು?

ದುಡಿಯುವ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಉತ್ತರಿಸುತ್ತಾರೆ, ಕರೆಗೆ ಹಣವಿಲ್ಲ.